ರ ಕಲಿಸಿದ ವಾರ, ಹದಿನೆಂಟು ಆಡು

ನಾನು ಪಾಠ ಹೇಳುವ ಒಂದನೇ ತರಗತಿಯಲ್ಲಿ ಅಕ್ಷರಗಳು ಅ ಇಂದ ಶುರುವಾಗುವುದಿಲ್ಲ, ರ ಇಂದ ಶುರುವಾಗುತ್ತವೆ. ನಲಿ-ಕಲಿಯ ಕ್ರಮವೇ ಹಾಗೆ: ರ, ಗ, ಸ, ದ, ಆಮೇಲೆ ಅ. ಇದನ್ನು ಮೊದಲ ಸಲ ಮನೆಯಲ್ಲಿ ಹೇಳಿದಾಗ ನಮ್ಮವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರದಿಂದ ತಲೆ ಎತ್ತದೆಯೇ, “ಅ ಎಲ್ಲಿಗಿ ಹೋಗ್ಯಾದ ಮತ್ತ? ಬಸ್ ತಪ್ಪಿಸ್ಕೊಂಡು ಹಿಂದ ಉಳದದೇನು?” ಎಂದಳು. ಅವಳು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಕಸ ಗುಡಿಸಿ, ನುಚ್ಚು ಕೇರಿ ನನ್ನನ್ನು ಓದಿಸಿದವಳು. ಅವಳಿಗೆ ಅಕ್ಷರ ಬರುವುದಿಲ್ಲ, ಆದರೆ ಅಕ್ಷರಗಳ ಬಗ್ಗೆ ಅಭಿಪ್ರಾಯ ಬೇಕಾದಷ್ಟಿದೆ.

ನಮ್ಮ ಶಾಲೆ ಇರುವುದು ಕಲ್ಮಲದಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನಲ್ಲಿ. ನಾನು ದಿನಾ ರಾಯಚೂರಿನಿಂದ ಕಲ್ಮಲದ ತನಕ ಬಸ್ಸಿನಲ್ಲಿ ಬಂದು, ಅಲ್ಲಿಂದ ಟಂಟಂ ಆಟೋ ಹತ್ತುತ್ತೇನೆ. ಎರಡು ಕೋಣೆ, ಒಂದು ಅಡುಗೆ ಮನೆ, ಮುಂದೆ ಅಗಲವಾದ ಅಂಗಳ. ಅಂಗಳದ ಒಂದು ಬದಿಯ ಕಾಂಪೌಂಡ್ ಗೋಡೆ ಹಿಂದಿನ ಮಳೆಗಾಲದಲ್ಲಿ ಕುಸಿದಿತ್ತು. ದುರಸ್ತಿಗೆ ಬರೆದು ಹಾಕಿದ್ದೆವು. ಅರ್ಜಿ ಯಾವುದೋ ಮೇಜಿನ ಮೇಲೆ ಆರಾಮಾಗಿ ಮಲಗಿತ್ತು. ಬಿದ್ದ ಗೋಡೆಯಾಚೆ ಬೀಳು ಭೂಮಿ, ಜಾಲಿ ಗಿಡ, ಅಲ್ಲಿ ಮೇಯುವ ಆಡುಗಳು. ಆ ಗೋಡೆ ನೆಟ್ಟಗೆ ನಿಂತಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆತನದಲ್ಲಿ ಹಾಜರಿ ಪುಸ್ತಕ ಹಿಡಿದ ಮೊದಲನೆಯವಳು ನಾನು. ಉಳಿದವರು ಹಿಡಿದದ್ದು ಸಲಿಕೆ, ಕುಡುಗೋಲು, ಮೊರ. ಹಾಗಾಗಿ ಎದುರಿಗೆ ಒಂದು ಮಗು ಕಲಿಯದೆ ಸುಮ್ಮನೆ ಕೂತರೆ ನನಗೆ ತಡೆಯುವುದಿಲ್ಲ. ಅದು ಅಕ್ಕರೆಯೋ ಸಿಟ್ಟೋ ಎಂದು ಮಗುವಿಗೆ ಗೊತ್ತಾಗುವಷ್ಟರಲ್ಲಿ ನನ್ನ ದನಿ ಅಂಗಳ ದಾಟಿ ಹೋಗಿರುತ್ತದೆ.

ಆ ವರ್ಷ ರಾಯಚೂರಿನಲ್ಲಿ ನಮಗೆ ಎರಡು ದಿನದ ತರಬೇತಿ ಆಯಿತು. ಮಕ್ಕಳಿಗೆ ಅಕ್ಷರವನ್ನು ತಿದ್ದಿಸುವುದಕ್ಕಿಂತ ಮೊದಲು ಅದರ ಸದ್ದು ಕೇಳಿಸಬೇಕು, ಒಂದು ವಾರ ಪೂರ್ತಿ ಒಂದೇ ಸದ್ದು, ಹುಡುಕಲಿ, ಕುಣಿಯಲಿ, ಮುಟ್ಟಲಿ, ಬರೆಯುವುದು ಕಡೆಗೆ ಎಂದು ಹೇಳಿಕೊಟ್ಟರು. ನಾನು ಹಿಂದಿನ ಸಾಲಿನಲ್ಲಿ ಕೂತು ಪಕ್ಕದವಳ ಕಿವಿಯಲ್ಲಿ, ನಾವೆಲ್ಲ ಪಾಟಿ ಸವೆಯುವ ಹಾಗೆ ಅ ತಿದ್ದಿ ಕಲಿತವರು, ನಮಗೇನು ಕೋಡು ಮೂಡಿತ್ತೇ ಎಂದು ಗೊಣಗಿದೆ. ಆದರೂ ಮಧ್ಯಾಹ್ನದ ಊಟ ಚೆನ್ನಾಗಿತ್ತು, ಉಂಡ ಋಣಕ್ಕಾದರೂ ಒಂದು ವಾರ ಮಾಡಿ ನೋಡೋಣ ಎಂದುಕೊಂಡೆ.

ಸೋಮವಾರ ಒಂದು ಬಟ್ಟೆಚೀಲ ಹೊತ್ತು ಹೋದೆ. ಒಳಗೆ ರುಮಾಲು, ರಬ್ಬರು, ಒಂದು ಡಬ್ಬಿ ರವೆ, ರಂಗೋಲಿ ಪುಡಿ, ಮತ್ತೆ ಅವ್ವ ಬೆಳಗ್ಗೆ ತಟ್ಟಿಕೊಟ್ಟ ಎರಡು ಜೋಳದ ರೊಟ್ಟಿ. ಮಕ್ಕಳು ಕಣ್ಣು ಮುಚ್ಚಿ ಚೀಲದಲ್ಲಿ ಕೈ ಹಾಕಬೇಕು, ಸಿಕ್ಕಿದ್ದರ ಹೆಸರು ಹೇಳಬೇಕು, ಹೆಸರಿನ ಮೊದಲ ಸದ್ದು ಹಿಡಿಯಬೇಕು. ರುಮಾಲು ಸಿಕ್ಕವನು “ಟವಲ್” ಎಂದ. ರವೆ ಸಿಕ್ಕವಳು “ಉಪ್ಪಿಟ್ಟು” ಎಂದಳು. ರೊಟ್ಟಿ ಸಿಕ್ಕವನು ಏನೂ ಹೇಳಲಿಲ್ಲ, ಯಾಕೆಂದರೆ ಅವನ ಬಾಯಿ ತುಂಬಿತ್ತು.

ಪ್ರತಿ ಆಟಕ್ಕೂ ಮುಂಚೆ ನಾಲಿಗೆ ಹೊರಳಿಸುವುದು ಇತ್ತು. ಆಟೋ ಚಾಲೂ ಮಾಡಿದ ಹಾಗೆ ರ್ರ್ರ್ ಅನ್ನಿಸಿ ಎಂದು ತರಬೇತಿಯಲ್ಲಿ ಹೇಳಿದ್ದರು. ನಮ್ಮ ಮಕ್ಕಳ ಬಾಯಲ್ಲಿ ಅದು ಮೊದಲ ದಿನವೇ “ಟುರ್ರ್ರ್” ಆಯಿತು. ನಾಲಿಗೆ ಹೊರಳಿದರೆ ಸಾಕಿತ್ತು ನನಗೆ, ಮುಂದೆ ಒಂದು ಟು ಹತ್ತಿಕೊಂಡರೆ ಏನು ಗಂಟು ಹೋಗುತ್ತದೆ ಎಂದು ಬಿಟ್ಟುಬಿಟ್ಟೆ. ಇಪ್ಪತ್ತೆರಡು ಮಕ್ಕಳಲ್ಲಿ ಇಪ್ಪತ್ತೊಂದು ಮಕ್ಕಳು ತಾರಸಿ ಹಾರಿಹೋಗುವ ಹಾಗೆ ಟುರ್ರ್ ಎಂದವು. ಒಬ್ಬಳು ಮಾತ್ರ ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತ ಕೂತಳು.

ಆರು ವರ್ಷದ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೆಂಪು ರಿಬ್ಬನ್ನು, ಮೈಗೆ ಆಡಿನ ಹಟ್ಟಿಯ ವಾಸನೆ. ಅವಳ ತಂದೆ ತಾಯಿ ದೇವದುರ್ಗದಲ್ಲಿ ಕೂಲಿ ಮಾಡಿಕೊಂಡಿದ್ದರು, ಅವರಿಗೆ ಹೊಸದಾಗಿ ಇನ್ನೊಂದು ಕೂಸು ಹುಟ್ಟಿತ್ತು. ಇವಳು ಇಲ್ಲಿ ತಾಯಿಯ ತಾಯಿಯ ಹತ್ತಿರ ಇದ್ದಳು. ಜೂನ್ ತಿಂಗಳಿನಿಂದ ತರಗತಿಯಲ್ಲಿ ಅವಳು ಆಡಿದ್ದು ಒಂದೇ ಮಾತು: ಹಾಜರಿ ಕರೆದಾಗ “ಬಂದೀನ್ರಿ”. ನಾನು ಅದನ್ನು ನಾಚಿಕೆ ಎಂದುಕೊಂಡಿದ್ದೆ.

ಮಂಗಳವಾರ ಊರುಗಳ ಆಟ. ನಾನು ಊರಿನ ಹೆಸರು ಹೇಳಬೇಕು, ರ ಕೇಳಿಸಿದರೆ ಮಕ್ಕಳು ಕುಪ್ಪಳಿಸಬೇಕು, ಕೇಳಿಸದಿದ್ದರೆ ಕುಕ್ಕರಗಾಲಿನಲ್ಲಿ ಕೂರಬೇಕು. ರಾಯಚೂರು ಎಂದಾಗ ಎರಡು ಸಲ ಕುಪ್ಪಳಿಸಿದರು, ಮೊದಲಿಗೊಂದು, ಕಡೆಗೊಂದು. ಮಾನ್ವಿ ಎಂದೆ, ಕೂತರು. ಕಲ್ಮಲ, ಕೂತರು. ದೇವದುರ್ಗಕ್ಕೆ ತರಗತಿ ಎರಡು ಪಾರ್ಟಿ ಆಯಿತು. ಅರ್ಧ ಮಕ್ಕಳು ನಡುವೆ ಅಡಗಿ ಕೂತದೆ ಎಂದರು, ಇನ್ನರ್ಧ ಅಡಗಿದ್ದು ಲೆಕ್ಕಕ್ಕಿಲ್ಲ ಎಂದರು. ಯಾಪಲದಿನ್ನಿ ಎಂದಾಗ ಒಬ್ಬಳು ಗೋಳೋ ಎಂದು ಅಳತೊಡಗಿದಳು. ಅದು ಅವಳ ಅಜ್ಜನ ಊರು, ತನ್ನ ಅಜ್ಜನ ಊರಿಗೆ ಮಾತ್ರ ರ ಇಲ್ಲವೆಂದರೆ ಏನು ಮರ್ಯಾದೆ ಉಳಿಯಿತು? ದ ಕಲಿಸುವ ವಾರ ನಿಮ್ಮಜ್ಜನ ಊರಿಗೇ ಮೊದಲ ಕುಪ್ಪಳಿಕೆ ಎಂದು ಸಮಾಧಾನ ಮಾಡಿದೆ.

ಬೋರ್ಡಿನ ಮೇಲೆ ರಾಯಚೂರು ಎಂದು ದೊಡ್ಡದಾಗಿ ಬರೆದೆ. “ಟೀಚರ್‌ರೀ, ಮೊದಲನೇ ರಕ್ಕ ಬಾಲ ಬಂದದ!” ಎಂದು ಮುಂದಿನ ಸಾಲಿನವನೊಬ್ಬ ಕೂಗಿದ. ದೀರ್ಘದ ಬಾಲ ಬರುವ ಪಾಠ ಇನ್ನೂ ಎಷ್ಟೋ ದೂರವಿತ್ತು. ಆದರೆ ಮಕ್ಕಳು ಕಂಡದ್ದನ್ನು ಕಂಡಿಲ್ಲ ಎನ್ನಲಾಗುತ್ತದೆಯೇ? ರಾ ಎಂದು ಎಳೆದರೆ ಬಾಲ ಬರುತ್ತದೆ ಎಂದೆ. ಕುಪ್ಪಳಿಸುವ ಈ ಆಟದಲ್ಲೆಲ್ಲ ಆ ಹುಡುಗಿ ತಪ್ಪಿಲ್ಲದೆ ಕುಪ್ಪಳಿಸಿದಳು, ತಪ್ಪಿಲ್ಲದೆ ಕೂತಳು. ಮತ್ತೆ ಎಲ್ಲರೂ ಟುರ್ರ್ ಎಂದಾಗ ತುಟಿ ಬಿಗಿದಳು.

ಬುಧವಾರ ನನ್ನ ತಾಳ್ಮೆ ಮುಗಿಯಿತು. ಅವಳನ್ನು ಎದ್ದು ನಿಲ್ಲಿಸಿ ಹತ್ತು ಸಲ ಹೇಳಿಕೊಟ್ಟೆ. ಅವಳ ಕಣ್ಣಲ್ಲಿ ನೀರು ಬಂತೇ ಹೊರತು ಬಾಯಿಂದ ಸದ್ದು ಬರಲಿಲ್ಲ. “ಬಾಯಾಗ ಏನ್ ಅವಲಕ್ಕಿ ಇಟ್ಕೊಂಡಿಯೇನು?” ಎಂದು ಗದರಿದೆ, ಮಕ್ಕಳೆಲ್ಲ ನಕ್ಕರು. ನನ್ನ ಮಾತಿಗೆ ಮಕ್ಕಳು ನಗುವುದು ನನಗೆ ಇಷ್ಟ. ಅವತ್ತಿನ ನಗು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಅದು ಸಾಲದೆಂದು ಸಂಜೆ ಗೇಟಿನ ಹತ್ತಿರ ಅವಳ ಅಜ್ಜಿಯನ್ನು ತಡೆದು ನಿಲ್ಲಿಸಿದೆ. ಆ ಅಜ್ಜಿ ಊರಿಗೆಲ್ಲ ಪರಿಚಿತೆ. ಹದಿನೆಂಟು ಆಡಿನ ಒಡತಿ, ಕೈಯಲ್ಲಿ ತನಗಿಂತ ಉದ್ದದ ಕೋಲು. ಹೋದ ಬೇಸಿಗೆಯಲ್ಲಿ ಮಗಳನ್ನು ನೋಡಿ ಬರುವಾಗ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ತೋರಿಸಿದ ಬಸ್ಸು ಹತ್ತಿ, ಹಾಯಾಗಿ ನಿದ್ದೆ ಹೊಡೆದು, ಕಣ್ಣು ಬಿಟ್ಟಾಗ ಮಾನ್ವಿಯಲ್ಲಿದ್ದಳಂತೆ. ರಾಯಚೂರು ಬಸ್ಸು ಹತ್ತಿ ದಾರಿಯ ಕಲ್ಮಲದಲ್ಲಿ ಇಳಿಯಬೇಕಾದವಳು ಊರು ಮುಟ್ಟಿದ್ದು ಮರುದಿನ ಮಧ್ಯಾಹ್ನ. ಅಂದಿನಿಂದ ಹುಡುಗರ ಬಾಯಲ್ಲಿ ಅವಳು “ಮಾನ್ವಿ ಅಜ್ಜಿ” ಆಗಿದ್ದಳು. ಹಾಗೆಂದವರ ಬೆನ್ನಿಗೆ ಆ ಕೋಲು ಒಂದಲ್ಲ ಒಂದು ದಿನ ಬೀಳುತ್ತಿತ್ತು.

“ಯವ್ವಾ, ನಿಮ್ಮ ಹುಡುಗಿ ಸಾಲ್ಯಾಗ ಬಾಯೇ ಬಿಡಂಗಿಲ್ಲ. ಒಂದು ಸದ್ದು ಕಲಸಾಕ ಮೂರು ದಿನ ಆತು, ಹೈರಾಣ ಆಗೀನಿ” ಎಂದೆ.

ಅಜ್ಜಿ ಕೋಲಿನ ಮೇಲೆ ಗದ್ದ ಊರಿ ನಿಂತಳು. “ಮನ್ಯಾಗ ನನ್ನ ಕಿವಿ ತೂತು ಬೀಳೂವಂಗ ಮಾತಾಡ್ತಾಳ. ಇಲ್ಲಿ ಬಾಯಿ ಬರಂಗಿಲ್ಲ ಅಂದ್ರ ಸಾಲಿ ಇಕಿಗಿ ಆಗಿ ಬರಂಗಿಲ್ಲ ಬಿಡು. ಐತ್ವಾರ ದೇವದುರ್ಗದಾಗ ಕೂಸಿನ ತೊಟ್ಟಿಲ ಕಾರ್ಯ ಅದ, ಹೋಗಿ ಬರ್ತೀವಿ. ಸೋಮಾರದಿಂದ ಆಡಿನ ಬೆನ್ನ ಹಿಂದ ಹೋಗ್ಲಿ.”

ನಾನು ಬೆಚ್ಚಿದೆ. ಸಾಲಿ ಬಿಡಿಸುವ ಮಾತು ಅಲ್ಲ ಅದು, ಬರೇ ಹೇಳಿದೆ ಎಂದು ತಡವರಿಸಿದೆ. ಅಜ್ಜಿ ಕೇಳಲಿಲ್ಲ. “ನೀ ಒಂದ್ ವಾರಕ್ಕ ಒಂದ್ ಅಕ್ಷರ ಕಲಸ್ತಿ ಅಂತ. ಐವತ್ತು ಅಕ್ಷರಕ್ಕ ಐವತ್ತು ವಾರ. ಅಷ್ಟರಾಗ ನನ್ನ ಆಡು ಎರಡ್ ಸಲ ಈಯ್ತಾವ. ಒಂದ್ ಅಕ್ಷರ ಕಲ್ತು ಏನ್ ಮಾಡ್ತಾಳ, ಹೇಳು ನೋಡೂಣು?” ಎಂದಳು. ಉತ್ತರಕ್ಕೂ ಕಾಯದೆ ಕೋಲು ಊರುತ್ತ ಹೊರಟಳು. ಬೇರೆಯವರ ಮಗುವನ್ನು ಶಾಲೆಗೆ ತರಲು ಮನೆ ಮನೆ ತಿರುಗುವವಳು ನಾನು, ಈಗ ಬಂದ ಮಗುವನ್ನು ನನ್ನ ನಾಲಿಗೆಯೇ ಓಡಿಸಿತ್ತು.

ಗುರುವಾರ ತಟ್ಟೆಯಲ್ಲಿ ಮರಳು ಹರಡಿ ಬೆರಳಿನಿಂದ ರ ಬರೆಸಿದೆ. ಅವಳು ಬರೆದ ರ ದುಂಡಗೆ, ಮೇಲಿನ ತಲೆಕಟ್ಟಿನ ಸಮೇತ ನನ್ನದಕ್ಕಿಂತ ಚೆನ್ನಾಗಿತ್ತು. ಹೊಗಳಿದೆ. ಪುಸಲಾಯಿಸಿದೆ. ಸಣ್ಣ ದನಿಯಲ್ಲಿ, ನನಗೊಬ್ಬಳಿಗೇ ಕೇಳುವ ಹಾಗೆ ಒಂದು ಸಲ ಟುರ್ರ್ ಅನ್ನು ಎಂದು ಬೇಡಿಕೊಂಡೆ. ಅವಳು ಇಲ್ಲ ಎಂದು ತಲೆಯಾಡಿಸಿ, ಮರಳನ್ನು ಸಮ ಮಾಡಿ, ಇನ್ನೊಂದು ರ ಬರೆದಳು.

ಶುಕ್ರವಾರ ಆಟವನ್ನು ಅಂಗಳಕ್ಕೆ ತಂದೆ. ರಂಗೋಲಿ ಪುಡಿಯಿಂದ ಅಂಗಳದ ತುಂಬ ಒಂದು ರ ಬಿಡಿಸಿ, ಮಕ್ಕಳು ಸಾಲಾಗಿ ಅದರ ಗೆರೆಯ ಮೇಲೆ ನಡೆಯುತ್ತ ಸದ್ದು ಮಾಡಬೇಕು ಎಂದೆ. ನಾಲ್ಕು ದಿನ ಕೋಣೆಯೊಳಗೆ ಕಟ್ಟಿಹಾಕಿದ್ದ ಗಂಟಲುಗಳು ಬಯಲಿಗೆ ಬಂದಿದ್ದವು. ಇಪ್ಪತ್ತೊಂದು ಮಕ್ಕಳು ಒಟ್ಟಿಗೆ “ಟುರ್ರ್ರ್ರ್” ಎಂದರು. ಇನ್ನೂ ಜೋರಾಗಿ ಎಂದು ನಾನು ಚಪ್ಪಾಳೆ ತಟ್ಟಿದೆ. ಅವಳು ಮಾತ್ರ ಸಾಲು ಬಿಟ್ಟು ಬಿದ್ದ ಗೋಡೆಯ ಕಡೆ ನೋಡುತ್ತ ನಿಂತಳು.

ಮೊದಲು ಒಂದು ಜೊತೆ ಕಿವಿ ಕಂಡಿತು. ಆಮೇಲೆ ಒಂದು ಗಡ್ಡ. ಆಮೇಲೆ ಹದಿನೆಂಟು ಆಡುಗಳೂ ಗೋಡೆಯ ಕಲ್ಲಿನ ಮೇಲಿಂದ ಹಾರಿ, ಬಸ್ಸು ಬಂತೆಂದು ಓಡಿಬರುವವರ ಹಾಗೆ ಅಂಗಳಕ್ಕೆ ನುಗ್ಗಿದವು. ರಂಗೋಲಿಯ ರ ಗೊರಸಿನ ಕೆಳಗೆ ಹೇಳಹೆಸರಿಲ್ಲದಂತೆ ಅಳಿಸಿಹೋಯಿತು. ಆಡು ಮುಟ್ಟದ ಸೊಪ್ಪಿಲ್ಲ ಎಂಬುದನ್ನು ಕೇಳಿದ್ದೆ. ಆಡು ಮುಟ್ಟದ ಅಕ್ಷರದ ಕಾರ್ಡೂ ಇಲ್ಲವೆಂದು ಅವತ್ತು ತಿಳಿಯಿತು. ಗಡ್ಡದ ಹೋತವೊಂದು ನನ್ನ ಬಟ್ಟೆಚೀಲದಲ್ಲಿ ತಲೆ ಹಾಕಿ ರೊಟ್ಟಿಯನ್ನೇ ಹುಡುಕಿ ತೆಗೆಯಿತು. ವಾರವಿಡೀ ನಾನು ಹೇಳಿಕೊಟ್ಟ ಆಟವನ್ನು ಅಷ್ಟು ಚೊಕ್ಕವಾಗಿ ಆಡಿದ್ದು ಅದೊಂದೇ.

ಹೆಡ್‌ಮಾಸ್ತರು ಹೊರಗೆ ಬಂದವರು ಮೆಟ್ಟಿಲ ಮೇಲೇ ನಿಂತರು. “ಏನ್ರೀ ಟೀಚರ್, ಹಾಜರಿ ಪುಸ್ತಕದಾಗ ಇವರ ಹೆಸರೂ ಹಚ್ಚೂಣೇನು?” ಎಂದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನಾನು ಹೋಯ್ ಹೋಯ್ ಎಂದು ಸೆರಗು ಬೀಸಿ ಓಡಿಸಿದೆ. ಆಡುಗಳು ಅಂಗಳ ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಬಂದು ನಿಂತು, ಮಕ್ಕಳ ಮುಖವನ್ನೇ ನೋಡತೊಡಗಿದವು. ಅವು ಯಾವುದಕ್ಕೋ ಕಾಯುತ್ತಿದ್ದವು.

ಆಗ ಅವಳು ನನ್ನ ಮುಂದೆ ಬಂದು ನಿಂತಳು. ಮುಖ ಕೆಂಪಗಾಗಿತ್ತು. “ಕರದ್ರಿ ಅಲ್ರೀ ಟೀಚರ್, ಈಗ ಕೊಡ್ರಿ!” ಎಂದಳು.

ಜೂನ್‌ನಿಂದ ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಮಾತು ಅದು. ಅದೂ ನನಗೇ ಬೈಗುಳ.

“ಏನ್ ಕೊಡ್ಲೆವ್ವಾ?”

“ಏನಾರ ಕೊಡ್ರಿ. ಟುರ್ರ್ ಅಂದ್ರ ಬರ್ರಿ, ತಿನ್ನಾಕ ಕೊಡ್ತೀವಿ ಅಂತ. ಕರದು ಬರೇ ಕೈಲೆ ಕಳಸ್ಬಾರ್ದು. ಹಂಗ ಮಾಡಿದ್ರ ನಾಳಿ ಕರದ್ರ ಬರಂಗಿಲ್ಲ. ತೋಳ ಬಂದಾಗ ಕರದ್ರೂ ಬರಂಗಿಲ್ಲ. ಸುಳ್ಳ ಕರೀಬಾರ್ದು ಅಂತ ನಮ್ಮ ಅಜ್ಜಿ ಆಣಿ ಹಾಕಿಸ್ಯಾಳ.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಾನ್ವಿಯ ನಮ್ಮ ಕೇರಿಯಲ್ಲಿ ನಾವು ಸಾಕಿದ್ದು ಒಂದೇ ಒಂದು ಕೋಳಿ, ಆಡಿನ ಮನೆಯ ಶಿಸ್ತು ನನಗೆಲ್ಲಿಂದ ತಿಳಿಯಬೇಕು? ಬೇರೆ ಮಕ್ಕಳಿಗೆ ಆ ಕೂಗು ಗೊತ್ತಿತ್ತು, ಆದರೆ ಅವರದು ಆಡಿನ ಮನೆಯಲ್ಲ, ಅವರಿಗೆ ಅದು ಆಟ. ಇವಳಿಗೆ ಅದು ಕೊಟ್ಟ ಮಾತು. ಐದು ದಿನ ಒಂದು ಆರು ವರ್ಷದ ಮಗು ಬೈಸಿಕೊಂಡು, ನಗೆಪಾಟಲಾಗಿ, ಅತ್ತು, ಆಡುಗಳಿಗೆ ಸುಳ್ಳು ಹೇಳಲಾರೆ ಎಂದು ಬಾಯಿ ಕಟ್ಟಿ ಕೂತಿತ್ತು. ನಾನು ಅದನ್ನು ಅವಲಕ್ಕಿ ಎಂದಿದ್ದೆ. ನನಗೆ ತುಂಬ ನಾಚಿಕೆಯಾಯಿತು.

“ತಪ್ಪಾತು ಯವ್ವಾ” ಎಂದೆ ಅವಳಿಗೆ. ಆಮೇಲೆ ಅಡುಗೆ ಮನೆಗೆ ಓಡಿದೆ. ಅಡುಗೆಯ ಅಕ್ಕ ಸೊಪ್ಪಿನ ದಂಟು, ಕೋಸಿನ ಮೇಲಿನ ಎಲೆ, ಬದನೆಯ ತೊಟ್ಟು ಎಲ್ಲವನ್ನೂ ಬುಟ್ಟಿಗೆ ಸುರಿದುಕೊಟ್ಟಳು. ಸಾಲದಾದಾಗ ಹೆಡ್‌ಮಾಸ್ತರೇ ಕುರ್ಚಿ ಹತ್ತಿ ಅಂಗಳದ ಬೇವಿನ ಟೊಂಗೆ ಬಗ್ಗಿಸಿದರು. ಹುಡುಗಿ ಸೊಂಟಕ್ಕೆ ಕೈಯಿಟ್ಟು ನಿಂತು ಅಪ್ಪಣೆ ಕೊಟ್ಟಳು: ಕರೆದವರೆಲ್ಲ ತಮ್ಮ ಕೈಯಿಂದಲೇ ಕೊಡಬೇಕು. ಇಪ್ಪತ್ತೊಂದು ಮಕ್ಕಳು ಒಬ್ಬೊಬ್ಬರಾಗಿ ಕೊಟ್ಟರು. ಕಡೆಗೆ ನನ್ನ ಕೈಗೂ ಒಂದು ದಂಟು ಇಟ್ಟಳು, ಜೋರಾಗಿ ಕರೆಸಿದವಳು ನಾನೇ ತಾನೇ.

ಅಷ್ಟರಲ್ಲಿ ಅಜ್ಜಿ ಕೋಲು ಎತ್ತಿಕೊಂಡು ಏದುಸಿರು ಬಿಡುತ್ತ ಬಂದಳು. “ಯಾರಲೇ ನನ್ನ ಆಡು ಕರದವ್ರು?” ಇಪ್ಪತ್ತೆರಡು ಬೆರಳು ನನ್ನ ಕಡೆ ತಿರುಗಿದವು. ಹೆಡ್‌ಮಾಸ್ತರು ಬೇವಿನ ಗಿಡ ನೋಡಿದರು. ಅಜ್ಜಿ ನನ್ನ ಹತ್ತಿರ ಬಂದು, ಮೆಲುಕು ಹಾಕುತ್ತಿದ್ದ ಆಡುಗಳ ಬಾಯಿ ನೋಡಿ, ಕೋಲು ಕೆಳಗಿಳಿಸಿದಳು. “ಕೊಟ್ಟೀರಿ?” ಎಂದಳು. ಕೊಟ್ಟೀವಿ ಎಂದೆ. “ಹಂಗಾರ ಬರೋಬ್ಬರಿ” ಎಂದು ಆಡು ಹೊಡೆದುಕೊಂಡು ಹೊರಟಳು.

ನಾನು ಬೆನ್ನು ಹತ್ತಿದೆ. ಹುಡುಗಿ ಯಾಕೆ ಬಾಯಿ ಬಿಡಲಿಲ್ಲವೆಂದು ಪೂರ್ತಿ ಹೇಳಿ, ತಪ್ಪು ನನ್ನದು, ಅವಳದಲ್ಲ, ಶಾಲೆ ಬಿಡಿಸಬೇಡ ಎಂದು ಕೈ ಮುಗಿದೆ. ಅಜ್ಜಿಯ ಮುಖದಲ್ಲಿ ಮೊಮ್ಮಗಳ ಬಗ್ಗೆ ಹೆಮ್ಮೆ ಕಾಣಿಸಿತು. ಆದರೆ ಮಾತು ಬದಲಾಗಲಿಲ್ಲ. “ನಮ್ಮ ಹುಡುಗಿ ಶಾಣ್ಯಾ ಅದಾಳ, ಖರೇ. ಅಂಥಾ ಶಾಣ್ಯಾ ಹುಡುಗಿ ಆಡಿಗಿ ಬೇಕು. ಒಂದ್ ಅಕ್ಷರಕ್ಕ ಏನ್ ಮಾಡ್ತಾಳ ಅಂತ ಕೇಳಿದ್ನಲ್ಲ, ನೀ ಇನ್ನಾ ಹೇಳೇ ಇಲ್ಲ.”

ಶನಿವಾರ ಅವಳು ತರಗತಿಯಲ್ಲಿ ಮೊದಲ ಸಾಲಿಗೆ ಬಂದು ಕೂತಳು. ಯಾರೂ ಟುರ್ರ್ ಎನ್ನಲಿಲ್ಲ. ನಾನು ಕಾರ್ಡು ತೋರಿಸಿದೆ, ಮೂಲೆಯನ್ನು ಆಡು ಕಚ್ಚಿದ್ದ ಕಾರ್ಡು. “ರ. ರೊಟ್ಟಿ ರ” ಎಂದಳು, ಇದರಲ್ಲೇನು ದೊಡ್ಡಸ್ತಿಕೆ ಎನ್ನುವ ಹಾಗೆ. ಬಿಟ್ಟಾಗ ಚೀಲ ಹೆಗಲಿಗೇರಿಸಿ ಹೊರಟವಳು ತಿರುಗಿ ಒಂದು ಸಲ ಬೋರ್ಡಿನ ಕಡೆ ನೋಡಿದಳು. ಅಲ್ಲಿ ಮಂಗಳವಾರದ ರಾಯಚೂರು ಇನ್ನೂ ಅಳಿಸದೆ ಇತ್ತು.

ಭಾನುವಾರ ರಾಯಚೂರಿನ ಮನೆಯಲ್ಲಿ ನಾನು ಒಂದು ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಗೋಡೆಯ ಮೇಲಿನ ಚಿತ್ರದಲ್ಲಿ ಬುದ್ಧ ಎಂದಿನಂತೆ ತಣ್ಣಗೆ ಕಣ್ಣು ಮುಚ್ಚಿ ಕೂತಿದ್ದ. ಅವನ ಕೆಳಗೆ ನಾನು ಪಾತ್ರೆ ಕುಕ್ಕುತ್ತ ಓಡಾಡುತ್ತಿದ್ದೆ. ಅವ್ವ ಎಲ್ಲ ಕೇಳಿಕೊಂಡು, “ನಿನ್ನ ಬಾಯಿ ಮುಂದ ಹೋಗ್ತದ, ಬುದ್ಧಿ ಹಿಂದಿನ ಬಸ್ಸಿಗಿ ಬರ್ತದ” ಎಂದಳು. ಆಮೇಲೆ ಪಕ್ಕಕ್ಕೆ ಬಂದು ಕೂತು, “ನಿನ್ನೂ ಗಿರಣಿಗಿ ಕಳಸು ಅಂತ ಎಷ್ಟು ಮಂದಿ ಹೇಳಿದ್ರು ಗೊತ್ತೇನು. ಆ ಮುದುಕಿಗಿ ಬೈಬ್ಯಾಡ” ಎಂದಳು. ನಾನು ಬೈಯುತ್ತಿದ್ದದ್ದು ಆ ಅಜ್ಜಿಗಲ್ಲ, ನನಗೇ.

ಸೋಮವಾರ ಪ್ರಾರ್ಥನೆಯಲ್ಲಿ ಅವಳ ಜಾಗ ಖಾಲಿ ಇತ್ತು. ಬಿದ್ದ ಗೋಡೆಯಾಚೆ ಆಡುಗಳೂ ಕಾಣಲಿಲ್ಲ. ಮಕ್ಕಳನ್ನು ಒಳಗೆ ಕೂರಿಸಿ ಹಾಜರಿ ಪುಸ್ತಕ ತೆರೆದೆ, ಮತ್ತೆ ಮುಚ್ಚಿದೆ. ಆಗಲೇ ಬಾಗಿಲಲ್ಲಿ ಕೋಲು ಕುಟ್ಟಿದ ಸದ್ದಾಯಿತು. ಒಂದು ಕೈಯಲ್ಲಿ ಹಿತ್ತಾಳೆ ತಂಬಿಗೆ, ಇನ್ನೊಂದು ಕೈಯಲ್ಲಿ ಮೊಮ್ಮಗಳು, ಅಜ್ಜಿ ನಿಂತಿದ್ದಳು.

“ಟೀಚರಮ್ಮಾ, ಹೊರಗ ಬಾ. ನಿನಗ ಒಂದ್ ಸುದ್ದಿ ಹೇಳ್ಬೇಕು.”

ಹೋದೆ. ಅಜ್ಜಿ ಹೇಳತೊಡಗಿದಳು. “ನಿನ್ನಿ ಸಂಜಿಮುಂದ ದೇವದುರ್ಗ ಬಸ್‌ಸ್ಟ್ಯಾಂಡಿನ್ಯಾಗ ನಿಂತಿದ್ವಿ. ಸಂತಿ ಕೂಡಿದಂಗ ಮಂದಿ. ಒಬ್ಬಾಂವ, ‘ಅಜ್ಜಿ, ಇದ ರಾಯಚೂರಿಗಿ ಹೋಗ್ತದ, ಜಲ್ದಿ ಹತ್ತು’ ಅಂದ. ಗಂಟು ಒಳಗ ಒಗದು ಒಂದ್ ಕಾಲು ಮ್ಯಾಲಿಟ್ಟೆ. ಇಕಿ ಸೆರಗು ಹಿಡದು ಜಗ್ಗಿದಳು. ‘ಯವ್ವಾ ಇಳಿ, ಇದ್ರಾಗ ರ ಇಲ್ಲ’ ಅಂದಳು. ನಾ ಬೈದೆ. ದೊಡ್ಡವ್ರು ಹೇಳಾಕತ್ಯಾರ, ನಡುವ ನಿಂದೇನ್ ಅಂದೆ. ಇಕಿ ನೆಲದ ಮ್ಯಾಲ ಕುಂತ ಬಿಟ್ಟಳು. ‘ರಾಯಚೂರಿಗಿ ಎರಡ್ ರ ಇರ್ತಾವ, ಇದಕ್ಕ ಒಂದೂ ಇಲ್ಲ, ನಾ ಹತ್ತಂಗಿಲ್ಲ’ ಅಂತ ಒಂದ ಹಟ. ಕಡಿಗಿ ಕಂಡಕ್ಟರ್‌ಗಿ ಕೇಳಿದೆ. ‘ಮಾನ್ವಿ ಬಸ್ ಅಜ್ಜಿ ಇದು’ ಅಂದ!”

ಬಾಗಿಲಿನಿಂದ ಇಣುಕುತ್ತಿದ್ದ ಮಕ್ಕಳು ಮಾನ್ವಿ ಎಂಬ ಮಾತಿಗೆ ಕಿಸಕ್ಕೆಂದವು. ಅಜ್ಜಿ ಕೋಲು ಎತ್ತಲಿಲ್ಲ, ತಾನೂ ನಕ್ಕಳು. ಆಮೇಲೆ ಮೊಮ್ಮಗಳೇ ಅವಳ ಕೈ ಹಿಡಿದು ಒಂದೊಂದು ಬಸ್ಸಿನ ಬೋರ್ಡು ನೋಡುತ್ತ ಹೋಗಿ, ಕೊನೆಯ ಬಸ್ಸಿನ ಮುಂದೆ ನಿಂತು, “ಇದ. ಬಾಲ ಇರೂ ರ ಮೊದಲಿಗಿ, ಕಡಿಗೊಂದು ರ” ಎಂದಳಂತೆ. ನಾನು ಹುಡುಗಿಯ ಕಡೆ ನೋಡಿದೆ. ಅವಳು ಕಾಲ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಏನೋ ಗೀಚುತ್ತಿದ್ದಳು.

“ಒಂದ್ ಅಕ್ಷರ ಕಲ್ತು ಏನ್ ಮಾಡ್ತಾಳ ಅಂದಿದ್ದೆ ನಾ” ಎಂದಳು ಅಜ್ಜಿ. “ನನ್ನ ಮನಿ ಮುಟ್ಟಿಸಿದಳು. ಎಪ್ಪತ್ತು ವರ್ಷ ಆತು, ಯಾರ್ನೂ ಕೇಳದಂಗ ಬಸ್ ಹತ್ತಿದ್ದು ನಿನ್ನಿ ಒಂದ ದಿನ.” ತಂಬಿಗೆಯನ್ನು ನನ್ನ ಕೈಗಿಟ್ಟಳು. ಆಗಷ್ಟೇ ಕರೆದ ಆಡಿನ ಹಾಲು, ಇನ್ನೂ ಬೆಚ್ಚಗಿತ್ತು. “ಆಡು ನಾನ ಕಾಯ್ತೀನಿ, ಕಾಲು ಇನ್ನಾ ಗಟ್ಟಿ ಅದಾವ. ನೀ ಕರದಿ ಇಕಿನ್ನ. ಕರದು ಬರೇ ಕೈಲೆ ಕಳಸಲಿಲ್ಲ. ಇಟ್ಕೋ ಹಾಲು.”

ಕಣ್ಣು ತುಂಬಿಬಂದದ್ದನ್ನು ಮಕ್ಕಳು ನೋಡಬಾರದೆಂದು ತಂಬಿಗೆ ಇಡುವ ನೆವದಲ್ಲಿ ಅಡುಗೆ ಮನೆಗೆ ಹೋಗಿ ಬಂದೆ.

ಆಮೇಲೆ ಹಾಜರಿ ಪುಸ್ತಕ ಮತ್ತೆ ತೆರೆದೆ. ಜೂನ್‌ನಿಂದ ದಿನಾ ಕರೆದ ಹೆಸರುಗಳು ಅವೇ, ಒಂದೊಂದನ್ನೂ ಅವತ್ತು ನಿಧಾನವಾಗಿ, ಮುಖ ನೋಡಿ ಕರೆದೆ. ಅವಳ ಹೆಸರು ಬಂತು. “ಬಂದೀನ್ರೀ ಟೀಚರ್!” ಎಂದು ಎದ್ದು ನಿಂತು, ಕೂರದೆ, ನನ್ನ ಕೈಯನ್ನೇ ನೋಡತೊಡಗಿದಳು. ಕರೆದಾಗಿತ್ತು, ಇನ್ನು ಕೊಡಬೇಕು. ನಾನು ಬಟ್ಟೆಚೀಲಕ್ಕೆ ಕೈ ಹಾಕಿದೆ. ಆ ವಾರ ಕೊಡಲು ನನ್ನ ಹತ್ತಿರ ಗ ಇತ್ತು.